ಫ್ರೆಂಡ್ ಎಂಬ ಒಂದು ಸಾಲು

"ಫ್ರೆಂಡ್ ಅಂತೆ, ಫ್ರೆಂಡ್!" ಎಂದು ಆಸ್ಗರ್ ಕಂಪ್ಯೂಟರಿಗೇ ಬೈದ.

ಓರ್ಹುಸ್ ಬಂದರಿನ ಆ ಆಫೀಸಿನಲ್ಲಿ ಹಡಗುಗಳಿಗೆ ಸರಕು ತುಂಬುವ ಕೋಡ್ ಬರೆಯುತ್ತಿದ್ದರು. ಅದರಲ್ಲಿ 'ಹಡಗು' ಎಂಬ ಕ್ಲಾಸ್, ಅಂದರೆ ಕೋಡಿನೊಳಗಿನ ಒಂದು ಮನೆ, ಟೋವೆಯದು. ಅದರ ಒಳಗೋಣೆಗೆ ಹೊರಗಿನ ಯಾವ ಫಂಕ್ಷನ್ನಿಗೂ, ಅಂದರೆ ಒಂದೊಂದು ಕೆಲಸ ಮಾಡುವ ಕೋಡಿನ ತುಣುಕಿಗೂ, ಪ್ರವೇಶವಿಲ್ಲ. ಕ್ಲಾಸೇ ಅದರ ಹೆಸರನ್ನು 'ಫ್ರೆಂಡ್' ಎಂದು ಬರೆದುಕೊಂಡರೆ ಮಾತ್ರ ಉಂಟು. ಹನ್ನೊಂದು ವರ್ಷ ಯಾರಿಗೂ ಬರೆಯದ ಟೋವೆ, ಸೇರಿ ಮೂರು ವಾರವಾದ ಮಾಲ್ಟೆಯ ಫಂಕ್ಷನ್ನಿಗೆ ಬರೆದಿದ್ದಳು. ಈಗ ಇಬ್ಬರೂ ಎದುರಿನ ಮೇಜಿನಲ್ಲಿ ನಗುತ್ತಿದ್ದರು. ಅವಳ ಪಕ್ಕದಲ್ಲಿ ಮಾಲ್ಟೆ ಕೂತಿದ್ದ ಆ ಕುರ್ಚಿ ಮೊನ್ನೆಮೊನ್ನೆಯವರೆಗೂ ಆಸ್ಗರನದು.

ಅವನ ಹೊಟ್ಟೆ ಉರಿಯಿತು. ಆ ಸಾಲನ್ನು ಅಳಿಸಿ, ಕೋಡನ್ನು ಎಲ್ಲರೂ ಬಳಸುವ ಪ್ರತಿಗೆ ಸೇರಿಸಿ, ಕಾಫಿಗೆ ಎದ್ದುಹೋದ.

ಬರುವಷ್ಟರಲ್ಲಿ ಗೋಡೆಯ ಮೇಲಿನ ಕಂಪ್ಯೂಟರ್ ಪರದೆ, ಕೋಡ್ ಕೆಟ್ಟಿದೆ ಎಂದು, ಕೆಂಪಾಗಿತ್ತು. ಮಾಲ್ಟೆಯ ಮುಖವೂ ಅಷ್ಟೇ. ಕೋಡ್ ಕೆಡಿಸಿದವರು ಮರುದಿನ ಕೇಕ್ ತರಬೇಕೆಂಬುದು ಅಲ್ಲಿನ ಪದ್ಧತಿ.

"ನಿಂತಿರೋದು ನನ್ನ ಫಂಕ್ಷನ್ನೇ, ನಂದೇ ತಪ್ಪಿರ್ಬೇಕು. ನಾಳೆ ಕೇಕ್ ನಂದು," ಎಂದ ಮಾಲ್ಟೆ.

"ಮೂರು ವಾರಕ್ಕೆ ಎರಡನೇ ಕೇಕು! ನಮ್ಮನ್ನ ದಪ್ಪ ಮಾಡೋಕೇ ಸೇರ್ಕೊಂಡ್ಯೇನೋ?" ಎಂದಳು ಟೋವೆ.

ಆಸ್ಗರನಿಗೆ ತಡೆಯಲಾಗಲಿಲ್ಲ. "ಅವನ ಫಂಕ್ಷನ್ ಯಾಕೆ ಫ್ರೆಂಡ್ ಆಗ್ಬೇಕು? ಹಡಗಿನ ಒಳಗೇ ಸೇರ್ಸಿ ಮೆಂಬರ್ ಮಾಡ್ಬಹುದಿತ್ತಲ್ಲ?"

"ಅದು ಹಡಗಿನ ಒಳಗೂ ನೋಡ್ಬೇಕು, ಕ್ರೇನ್ ಅನ್ನೋ ಇನ್ನೊಂದು ಕ್ಲಾಸಿನ ಒಳಗೂ ನೋಡ್ಬೇಕು ಕಣೋ. ಎರಡು ಮನೆಗೂ ಮಗ ಆಗೋಕಾಗುತ್ತಾ? ಅದಕ್ಕೇ ಎರಡೂ ಕಡೆ ಫ್ರೆಂಡು."

"ನಂದು ಹನ್ನೊಂದು ವರ್ಷದಿಂದ ಇದೆ. ಒಂದು ಸಲಾನೂ ಫ್ರೆಂಡ್ ಅಂತ ಬರೀಲಿಲ್ಲ ನೀನು."

ಟೋವೆ ಅವನನ್ನೇ ನೋಡಿದಳು. "ನಿಂದು ಮೆಂಬರ್ ಅಲ್ವೇನೋ? ಮೊದಲ್ನೇ ದಿನದಿಂದ ಹಡಗಿನ ಒಳಗೇ ಇದೆ. ಮನೆಮಗನಿಗೆ ಒಳಗೆ ಬಾ ಅಂತ ಯಾರಾದ್ರೂ ಚೀಟಿ ಬರ್ಕೊಡ್ತಾರಾ?"

ಗೊತ್ತಿಲ್ಲದ ಮಾತೇನಲ್ಲ, ಹೊಸಬರಿಗೆ ಅವನೇ ಎಷ್ಟೋ ಸಲ ಹೇಳಿಕೊಟ್ಟದ್ದು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಟೋವೆ ಆ ಸಾಲನ್ನು ಮತ್ತೆ ಬರೆದಳು. ಅಳಿಸಿದ್ದು ಯಾರೆಂದು ದಾಖಲೆ ತೆಗೆದು ನೋಡಲಿಲ್ಲ, ಬೇಕೆಂದೇ ನೋಡಲಿಲ್ಲವೇನೋ.

ಮರುದಿನ ಮಾಲ್ಟೆ ಕೇಕಿನ ಡಬ್ಬಿ ಹಿಡಿದು ಬಂದಾಗ ಮೇಜಿನ ಮೇಲೆ ಆಗಲೇ ಒಂದು ಕೇಕಿತ್ತು. ಆಸ್ಗರ್ ಚಾಕು ಹಿಡಿದು ನಿಂತಿದ್ದ.

"ಕೆಡ್ಸಿದ್ದು ನಾನು," ಎಂದ.

ಅವನು ಮೊದಲ ತುಂಡನ್ನು ತಟ್ಟೆಗೆ ಹಾಕಿ ಒಯ್ದು, ಟೋವೆಯ ಪಕ್ಕದ ಆ ಕುರ್ಚಿಯ ಮುಂದೆ, ಮಾಲ್ಟೆಗೆಂದು ಇಟ್ಟ.