ಮಾಳಿಗೆಯ ಮಸಿ

ಬೇಸಿಗೆ ಬಂತೆಂದರೆ ಸಾತಪುರದ ನಮ್ಮ ಚಾಳಿನ ಮಾಳಿಗೆಯ ಮೇಲೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ವಿಜಾಪುರದ ಕಡೆಯಿಂದ ಕಾರ್ಖಾನೆಗಳ ಗೋಡೆ ಕಟ್ಟಲು ಬಂದು ನಾಸಿಕದಲ್ಲೇ ಉಳಿದವರು ನಾವು. ಗೋಡೆ ಎದ್ದ ಮೇಲೆ ಗಂಡಸರು ಅದೇ ಗೋಡೆಗಳ ಒಳಗೆ ಪಾಳಿಯ ಕೆಲಸ ಹಿಡಿದರು. ನಾವು ಐದಾರು ಹೆಂಗಸರು ಶ್ಯಾವಿಗೆ ಮಾಡಲು ಕೂತೆವು. ಬ್ಯಾಂಕಿನ ಕಾಲನಿಯಲ್ಲಿದ್ದ ಧಾರವಾಡ, ಬಾಗಲಕೋಟೆಯ ಮನೆಗಳವರು ವರ್ಷದ ಶ್ಯಾವಿಗೆಯನ್ನು ನಮ್ಮಿಂದಲೇ ಮಾಡಿಸುತ್ತಿದ್ದರು. ನಮಗೆ ಬೇಕಾದದ್ದು ರವೆ, ನೀರು, ಬಿಸಿಲು. ಬಿಸಿಲಿಗಾಗಿ ಯಾರ ಮುಂದೆಯೂ ಸಾಲಿನಲ್ಲಿ ನಿಲ್ಲಬೇಕಾಗಿರಲಿಲ್ಲ.

ಕೊಲ್ಲಿಯಲ್ಲಿ ಯುದ್ಧವಾದ ವರ್ಷ ಎಲ್ಲ ಕೆಟ್ಟಿತು. ಎಣ್ಣೆ ತುಟ್ಟಿಯಾಯಿತೆಂದು ಚಾಳಿನ ಹಿಂದಿನ ಕಾರ್ಖಾನೆಯವರು ಎಣ್ಣೆಯ ಭಟ್ಟಿ ಬಿಟ್ಟು ಕಲ್ಲಿದ್ದಲಿನ ಭಟ್ಟಿ ಹೊತ್ತಿಸಿದರು. ಕೋಲಿನ ಮೇಲೆ ಇಳಿಬಿಟ್ಟ ಶ್ಯಾವಿಗೆಗೆ ಎಳ್ಳು ಉದುರಿಸಿದ ಹಾಗೆ ಮಸಿ ಕೂರತೊಡಗಿತು. ಹಸಿ ಎಳೆಗೆ ಅಂಟಿದ ಮಸಿ ಒಣಗಿದ ಮೇಲೆ ಏನು ಮಾಡಿದರೂ ಬಿಡುತ್ತಿರಲಿಲ್ಲ. ಬಟ್ಟೆ ಮುಚ್ಚಿದರೆ ಬಿಸಿಲು ತಾಗದೆ ಹುಳಿ ವಾಸನೆ ಬರುತ್ತಿತ್ತು.

ಬ್ಯಾಂಕಿನ ಮ್ಯಾನೇಜರರ ಹೆಂಡತಿ ಮೃದುಲಾಬಾಯಿ ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದರು.

“ಸಿಟ್ಟಾಗಬ್ಯಾಡ್ರಿ ಕಮಲಾಬಾಯಿ. ಮಗಳ ಮದುವ್ಯಾಗ ಇದನ್ನ ಹೆಂಗ ಬಡಸ್ಲಿ? ಪಾಯಸದಾಗ ಇರಿವಿ ಬಿದ್ದಾವಂತ ಬೀಗರು ಎದ್ದು ಹೋಗ್ತಾರ.”

ಸಿಟ್ಟು ಯಾರ ಮೇಲೆ ಮಾಡಲಿ? ಒಂದು ಮನೆ ಅಂಗಡಿಯ ಪಾಕೀಟಿನ ಕಡೆ ತಿರುಗಿದರೆ ಇಡೀ ಕಾಲನಿ ತಿರುಗುತ್ತದೆ, ನಮ್ಮ ಮಾಳಿಗೆಯ ಕೆಲಸ ಅಲ್ಲಿಗೆ ಮುಗಿಯುತ್ತದೆ. ಅದು ಮೃದುಲಾಬಾಯಿಗೂ ತಿಳಿದಿತ್ತು. ಅವರೇ ಕೂತು ಮರಾಠಿಯಲ್ಲಿ ಒಂದು ಅರ್ಜಿ ಬರೆದುಕೊಟ್ಟರು. ಕಾರ್ಖಾನೆಗಳ ಹೊಗೆ ತಪಾಸಣೆ ಮಾಡುವ ಸಾಹೇಬರು ಔರಂಗಾಬಾದಿನಲ್ಲಿ, ಅಂದರೆ ಈಗಿನ ಸಂಭಾಜಿನಗರದಲ್ಲಿ, ಕೂರುತ್ತಿದ್ದರು.

ಸಹಿ ಹಾಕುವಾಗ ಹಿಂಜರಿದವಳು ಪಕ್ಕದ ಖೋಲಿಯ ರೇಣವ್ವ ಒಬ್ಬಳೇ. ಆ ಭಟ್ಟಿಗೆ ಸಲಿಕೆಯಿಂದ ಕಲ್ಲಿದ್ದಲು ಎಸೆಯುವವನು ಅವಳ ಗಂಡ ಮಾಳಪ್ಪ.

“ಹೊಗಿ ಎಬ್ಸಾಂವ ನನ್ನ ಗಂಡ, ಹೊಗಿ ಬಂತಂತ ಒದರಾಕಿ ನಾನು. ಊಟಕ್ಕ ಕುಂತಾಗ ಅಂವಗ ಏನ್ ಹೇಳ್ಲಿ ಚಿಗವ್ವಾ?”

“ಉಪ್ಪು ಸಾಕೇನಂತ ಕೇಳು, ಅಷ್ಟ ಸಾಕು,” ಅಂದೆ. ನಕ್ಕಳು, ಹೆಬ್ಬೆಟ್ಟು ಒತ್ತಿದಳು.

ಬಹಳ ದಿನ ಸುದ್ದಿಯೇ ಇಲ್ಲ. ಆಮೇಲೆ ಗುರುವಾರ ಸಾಹೇಬರು ಬರುತ್ತಾರೆಂದು ಕಾಗದ ಬಂತು.

ಆ ದಿನ ಬೆಳಕು ಹರಿಯುವ ಮೊದಲೇ ಹೆಂಗಸರೆಲ್ಲ ಮಾಳಿಗೆಯ ಮೇಲಿದ್ದರು. ಯಾರೂ ಯಾರಿಗೂ ಹೇಳಿರಲಿಲ್ಲ. ದೊಡ್ಡ ಸಾಹೇಬರು ನಮ್ಮಂಥವರ ಜಾಗಕ್ಕೆ ಬರುತ್ತಾರೆಂದರೆ ಹೊಲಸು ತೋರಿಸುವುದುಂಟೇ? ಗುಡಿಸಿದರು, ಕೊಡಗಟ್ಟಲೆ ನೀರು ಹೊತ್ತು ತೊಳೆದರು, ಹಳೇ ಸೀರೆಯಿಂದ ಒರೆಸಿದರು, ಮೆಟ್ಟಿಲ ತಲೆಗೆ ರಂಗೋಲಿ ಹಾಕಿದರು. ಮಸಿ ಹತ್ತಿದ ಶ್ಯಾವಿಗೆಯನ್ನೆಲ್ಲ ಗೌಳಿಯ ಎಮ್ಮೆಗಳ ಮುಂದೆ ಸುರಿದು ಬಂದರು. ಒಳಗೆ ಫ್ಯಾನಿನ ಗಾಳಿಗೆ ಆರಿಸಿದ ಒಂದಿಷ್ಟು ಬಿಳಿ ಶ್ಯಾವಿಗೆಯನ್ನು ತಂದು ಕೋಲಿಗೆ ಇಳಿಬಿಟ್ಟರು. ನಾನು ಪಾಯಸಕ್ಕೆ ಏಲಕ್ಕಿ ಕುಟ್ಟುತ್ತಿದ್ದೆ.

ಸಾಹೇಬರ ಹೆಸರು ಮಧುಕರ. ತೆಳ್ಳಗಿನ ಮನುಷ್ಯ, ಕೆಟ್ಟವರಲ್ಲ. ಪಾಯಸವನ್ನು ಎರಡನೆಯ ಸಲವೂ ಹಾಕಿಸಿಕೊಂಡರು. ಆಮೇಲೆ ಮಾಳಿಗೆಯ ಸುತ್ತ ನಡೆದು, ಕಟ್ಟೆಯ ಮೇಲೆ ಬೆರಳು ಎಳೆದು ಬೆರಳು ನೋಡಿಕೊಂಡರು. ಮಸಿ ಎಲ್ಲಿದೆ ಎಂದು ಕೇಳಿದರು.

ಆಗ ನಮಗೆ ತಿಳಿಯಿತು. ಒಬ್ಬರ ಮುಖ ಒಬ್ಬರು ನೋಡಿದೆವು. ಬೆಳಿಗ್ಗೆಯೇ ತೊಳೆದುಬಿಟ್ಟೆವು ಎಂದು ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ. ಇಷ್ಟು ಕಷ್ಟವಾದರೆ ಕರೆಂಟಿನಿಂದ ಒಣಗಿಸುವ ಯಂತ್ರ ಬಂದಿದೆ, ಎಲ್ಲರೂ ಸೇರಿ ಒಂದು ತೆಗೆದುಕೊಳ್ಳಿ ಎಂದು ಬುದ್ಧಿ ಹೇಳಿದರು. ಕರೆಂಟು ಎಲ್ಲಿಂದ ಬರುತ್ತದೆಂದು ರೇಣವ್ವ ತನ್ನ ಅರೆಬರೆ ಮರಾಠಿಯಲ್ಲಿ ಕೇಳಿದಳು. ಅವರಿಗೂ ನಗು ಬಂತು, ಕಲ್ಲಿದ್ದಲಿನಿಂದಲೇ ಬಾಯಿ, ಏನು ಮಾಡುವುದು ಅಂದರು.

“ಕೊಳ್ಳಾಗ ಹೊಗಿ ಹೊಕ್ಕರ ಬೀಡಿ ಸೇದು ಅಂದಂಗಾತು,” ಎಂದು ಅವಳು ಕನ್ನಡದಲ್ಲಿ ನನಗಷ್ಟೇ ಹೇಳಿದಳು. ಸಾಹೇಬರು ಮಸಿ ಕಂಡುಬರಲಿಲ್ಲವೆಂದು ಬರೆದುಕೊಂಡು ಹೋದರು.

ಮಧ್ಯಾಹ್ನದ ಹೊತ್ತಿಗೆ ಬಿಳಿ ಶ್ಯಾವಿಗೆಯ ಮೇಲೆ ಮತ್ತೆ ಎಳ್ಳು ಉದುರಿತ್ತು.

ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಆ ಶ್ಯಾವಿಗೆಯನ್ನೇ ಬುಟ್ಟಿಗೆ ತುಂಬಿಕೊಂಡು ಮರುದಿನ ನಸುಕಿನ ಎಸ್‌ಟಿ ಬಸ್ಸು ಹತ್ತಿದೆ. ಔರಂಗಾಬಾದಿನ ಕಚೇರಿಯಲ್ಲಿ ಸಾಹೇಬರು ತಪಾಸಣೆಗೆ ಖುಲ್ತಾಬಾದಿಗೆ ಹೋಗಿದ್ದಾರೆ, ನಾಳೆ ಬನ್ನಿ ಅಂದರು. ನಾಳೆ ಎಂದರೆ ನಾಸಿಕದಿಂದ ಮತ್ತೆ ಬರುವುದೇ? ಬೆಂಚಿನ ಮೇಲೆ ಕೂತೆ. ಎದುರಿನ ಗೋಡೆಗೆ ಸರಕಾರದ ದೊಡ್ಡ ಚಿತ್ರ ಅಂಟಿಸಿದ್ದರು: ನಗುವ ಸೂರ್ಯ, ಬಿಸಿಲಿನ ಶಕ್ತಿಯನ್ನು ಬಳಸಿರಿ ಎಂಬ ಮಾತು. ಅದರ ಕೆಳಗೆ ಸಿಪಾಯಿ ಸೀಮೆಎಣ್ಣೆಯ ಸ್ಟವ್ ಪಂಪು ಮಾಡುತ್ತ ಚಹಾ ಕಾಸುತ್ತಿದ್ದ. ನಾವು ಬಳಸುತ್ತಲೇ ಇದ್ದೆವಲ್ಲ, ಬಳಸಲು ಬಿಡುತ್ತಿಲ್ಲವಲ್ಲ ಎಂದು ಯಾರಿಗೆ ಹೇಳುವುದು? ಸಾಹೇಬರು ಸಂಜೆ ಬಂದರು. ಬುಟ್ಟಿ ನೋಡಿದರು. ದಾರಿಯಲ್ಲಿ ಎಲ್ಲಿ ಬೇಕಾದರೂ ಮಸಿ ಹತ್ತಿರಬಹುದು, ಇದು ನಡೆಯುವುದಿಲ್ಲ ಅಂದರು. ಬುಟ್ಟಿಯನ್ನು ನನ್ನ ಕಡೆ ಸರಿಸಿ, ಇನ್ನು ಗುಡಿಸಬೇಡಿ, ಹೇಳದೆ ಬರುತ್ತೇನೆ ಅಂದರು.

ಗುಡಿಸದೆ ಇರುವುದು ಗುಡಿಸುವುದಕ್ಕಿಂತ ಕಷ್ಟ. ಮಾಳಿಗೆ ಕರಿ ಹಂಚಿನಂತಾಯಿತು. ಕಾಲನಿಯವರು ಮೆಟ್ಟಿಲ ತಲೆಗೆ ಬಂದು, ಮೂಗು ಹಿಡಿದು ಇಳಿದುಹೋದರು. ಮೃದುಲಾಬಾಯಿಯ ಮಗಳ ಮದುವೆ ಪಾಕೀಟಿನ ಶ್ಯಾವಿಗೆಯಲ್ಲಿ ಮುಗಿಯಿತು. ಒಬ್ಬೊಬ್ಬಳೇ ಹೆಂಗಸು ನನ್ನ ಮೇಲೆ ಹರಿಹಾಯ್ದಳು. ರೇಣವ್ವ ಒಂದು ಮಧ್ಯಾಹ್ನ ಕಸಬರಿಗೆ ಹಿಡಿದೇ ಬಂದಳು.

“ಬೆಳಿ ಕಾಯ್ದಂಗ ಹೊಲಸು ಕಾಯಾಕ ಹತ್ತೀಯಲ್ಲ ಚಿಗವ್ವಾ. ತಲಿ ನೆಟ್ಟಗೈತೇನು?”

“ಇಲ್ಲ. ಕುಂದ್ರು,” ಅಂದೆ. ಕೂತಳು.

ಬೇಸಿಗೆ ಮುಗಿಯುತ್ತ ಬಂದಾಗ ಸಾಹೇಬರು ಬಂದರು. ಬಿಳಿ ಬಟ್ಟೆಯಿಂದ ಕಟ್ಟೆ ಒರೆಸಿ, ಮಡಿಚಿ, ಚೀಲಕ್ಕೆ ಹಾಕಿಕೊಂಡರು. ಕಾರ್ಖಾನೆಗೆ ನೋಟೀಸು ಹೋಯಿತು. ಮಳೆಗಾಲ ಕಳೆಯುವುದರೊಳಗೆ ಕಾರ್ಖಾನೆಯವರು ಕೆಲಸ ಮುಗಿಸಿದರು: ಭಟ್ಟಿ ಅದೇ, ಕಲ್ಲಿದ್ದಲು ಅದೇ, ಚಿಮ್ನಿಯನ್ನು ಮಾತ್ರ ದುಪ್ಪಟ್ಟು ಎತ್ತರ ಮಾಡಿದರು.

ಮುಂದಿನ ಬೇಸಿಗೆಯಲ್ಲಿ ನಮ್ಮ ಶ್ಯಾವಿಗೆ ಬೆಳ್ಳಗೆ ಒಣಗಿತು. ಕಾಲನಿಯ ಅರ್ಧ ಮನೆಗಳು ತಿರುಗಿ ಬಂದವು. ಹೊಗೆ ನಮ್ಮ ತಲೆಯ ಮೇಲಿಂದ ಹಾಯ್ದು ನಾಲೆಯ ಆಚೆ ಇಳಿಯುವುದು ಮಾಳಿಗೆಯಿಂದ ಕಾಣುತ್ತಿತ್ತು. ಆ ಕಡೆಯ ವಸ್ತಿಯಿಂದ ಗುಣವತಿ ಎಂಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದಳು. ಅವಳ ಮೊರದಲ್ಲಿ ಉದ್ದಿನ ಹಪ್ಪಳ, ಹಪ್ಪಳದ ತುಂಬ ಮಸಿ.

ರೇಣವ್ವ ನನ್ನನ್ನು ಒಳಗೆ ಕರೆದಳು.

“ನಮ್ಮದು ಬೆಳ್ಳಗಾತಿಲ್ಲೋ ಚಿಗವ್ವಾ? ಇನ್ನ ಸುಮ್ಮನಿರು. ಮಾಳಪ್ಪನ್ನ ಕೆಲಸದಿಂದ ತಗದರ ನಾ ಎಲ್ಲಿಗಿ ಹೋಗ್ಲಿ?”

ಅವಳ ಮಾತು ಸುಳ್ಳಲ್ಲ. ಹೊರಗೆ ಗುಣವತಿ ಮೊರ ಮಡಿಲಲ್ಲಿಟ್ಟು ಕೂತಿದ್ದಳು, ಅದೂ ಸುಳ್ಳಲ್ಲ. ಹೊರಗೆ ಬಂದು, ನಿಮ್ಮ ಮಾಳಿಗೆ ಗುಡಿಸಿದ್ದೀರೇನು ಎಂದು ಅವಳನ್ನು ಕೇಳಿದೆ. ದಿನಾ ಎರಡು ಹೊತ್ತು ಗುಡಿಸುತ್ತೇವೆಂದು ಅವಳು ಹೆಮ್ಮೆಯಿಂದ ಹೇಳಿದಳು. ಇವತ್ತಿನಿಂದ ಕಸಬರಿಗೆ ಮುಟ್ಟಬೇಡಿ ಅಂದೆ.

ಮರುದಿನ ಗುಣವತಿಯನ್ನು ಕಟ್ಟಿಕೊಂಡು ಮತ್ತೆ ಔರಂಗಾಬಾದಿನ ಬಸ್ಸು ಹತ್ತಿದೆ. ರೇಣವ್ವ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.