ಫಾರ್ಮಾಲಿನ್ನಿನ ಹನ್ನೆರಡು ಹುಳು

ಬೆಳಕು ತಾಗದಿರಲೆಂದು ಕಪ್ಪು ಕಾಗದ ಸುತ್ತಿಟ್ಟಿದ್ದ ಸೀಸೆಯನ್ನು ಮೇಷ್ಟ್ರು ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟರು. ಮೂವತ್ತು ವರ್ಷ ಶಾಲೆಯಲ್ಲಿ ಕಪ್ಪೆ ಕೊಯ್ದು ಪಾಠ ಹೇಳಿದ್ದಕ್ಕೆ ಊರಿಗೆಲ್ಲ ಅವರು ಕಪ್ಪೆ ಮೇಷ್ಟ್ರು. ಸೀಸೆಯಲ್ಲಿದ್ದದ್ದು ಬಟಾಣಿ ಗಾತ್ರದ ಹನ್ನೆರಡು ಕಡಲ ಬಸವನಹುಳು. ಕಡಲ ಬಂಡೆಯಿಂದ ಸಿಂಪಿ ಕಿತ್ತು ಬದುಕುವ ಅವರ ಅತ್ತಿಗೆ ಹೋದ ವರ್ಷ ತನ್ನ ಬಂಡೆಯಿಂದ ಬಿಡಿಸಿ ತಂದದ್ದು. ಆಮೇಲೆ ಹೂಳೆತ್ತುವ ಯಂತ್ರದ ಕೆಸರು ಬಂಡೆಯನ್ನು ಮುಚ್ಚಿತು. ಬಿರುಕಿನಾಳದಲ್ಲಿ ಒಂದೆರಡು ಉಳಿದಿದ್ದರೂ ಕೈಗೆ ಸಿಗುವಂತಿರಲಿಲ್ಲ.

ಈ ಹುಳು ಬೇರೆಲ್ಲೂ ಇಲ್ಲವೆಂದು ರುಜುವಾತಾದರೆ ಬಂಡೆ ಉಳಿಯುತ್ತದೆ; ಇಲ್ಲವಾದರೆ ಅದನ್ನು ಸಿಡಿಸಿ ಜೆಟ್ಟಿ ಕಟ್ಟುತ್ತಾರೆ. ಪರೀಕ್ಷಿಸಲು ಇಲಾಖೆಯ ಮೇಡಂ ಬಂದು ಕೂತಿದ್ದರು.

"ಚಿಪ್ಪಿಗೆ ಏಳು ಸುತ್ತು, ಬಾಯಂಚಲ್ಲಿ ಮೂರು ಹಲ್ಲು. ಇನ್ಯಾವುದಕ್ಕೂ ಹೀಗಿಲ್ಲ ಮೇಡಂ."

"ವರ್ಷದಿಂದ ನಂಗೂ ತೋರ್ಸಿಲ್ಲ ಪುಣ್ಯಾತ್ಮ," ಎಂದಳು ಅತ್ತಿಗೆ. "ನಾನೇ ಹೊತ್ತು ತಂದಿದ್ದು!"

ಮೇಷ್ಟ್ರು ಸೀಸೆಯನ್ನು ಬಿಳಿ ತಟ್ಟೆಗೆ ಬಗ್ಗಿಸಿದರು. ಹನ್ನೆರಡೂ ಬಿದ್ದವು, ಬರೀ ಮಾಂಸ. ಒಂದೊಂದರ ಪಾದಕ್ಕೂ ಚಿಪ್ಪಿನ ಬಾಯಿ ಮುಚ್ಚುವ ಕಂದು ಬಣ್ಣದ ಪುಟ್ಟ ಮುಚ್ಚಳ ಅಂಟಿಕೊಂಡೇ ಇತ್ತು. ಚಿಪ್ಪಿದ್ದ ಕಡೆ ತೆಳ್ಳನೆಯ ಪೊರೆಯ ಚೂರುಗಳು ತೇಲಿದವು.

"ಯಾವುದರಲ್ಲಿ ಹಾಕಿದ್ರಿ?" ಮೇಡಂ ಕೇಳಿದರು.

"ಫಾರ್ಮಾಲಿನ್. ಕಪ್ಪೆಗೆ ಹಾಕ್ತಿದ್ದದ್ದೇ."

ಮೇಡಂ ತಟ್ಟೆಯ ಮೇಲೆ ಬಗ್ಗಿ ನೋಡಿದರು. "ಸ್ಪಿರಿಟ್ ಹಾಕ್ಬೇಕಿತ್ತು ಮೇಷ್ಟ್ರೇ. ಇದು ಬರ್ತಾ ಬರ್ತಾ ಹುಳಿಯಾಗತ್ತೆ. ಚಿಪ್ಪು ಸುಣ್ಣ ಅಲ್ವಾ, ಕರಗಿಹೋಗತ್ತೆ."

ಮೂವತ್ತು ವರ್ಷದಲ್ಲಿ ಒಂದು ಕಪ್ಪೆಯೂ ಕೆಟ್ಟಿರಲಿಲ್ಲ. ಕಪ್ಪೆಗೆ ಚಿಪ್ಪಿರಲಿಲ್ಲ.

"ಫೋಟೋ?"

"ಹುಳುವೇ ಇದೆಯಲ್ಲ ಅಂತ ತೆಗೀಲಿಲ್ಲ... ನಾಲಿಗೆ ಮೇಲೆ ಅರದ ಥರ ಹಲ್ಲಿರತ್ತೆ. ಅದನ್ನ ನೋಡಿ ಹೇಳಕ್ಕಾಗಲ್ವಾ?"

"ಯಾವುದರ ಜೊತೆ ಹೋಲಿಸ್ಲಿ? ಇದರ ಹತ್ತಿರದ ಜಾತಿಗಳನ್ನ ಇನ್ನೂ ಯಾರೂ ಕೊಯ್ದು ನೋಡಿಲ್ಲ. ಪುಸ್ತಕದಲ್ಲಿರೋದು ಬರೀ ಚಿಪ್ಪು." ಮೇಡಂ ನಮೂನೆಯಲ್ಲಿ 'ಚಿಪ್ಪು ಲಭ್ಯವಿಲ್ಲ' ಎಂದು ಬರೆದು, ಸಹಿ ಹಾಕಿ, ಚಪ್ಪಲಿ ಮೆಟ್ಟಿ ಹೊರಟರು.

"ಒಂದನ್ನ ಬೆಂಕಿಪೊಟ್ಟಣದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಿದ್ರೆ?" ಅತ್ತಿಗೆ ಕೇಳಿದಳು.

"ಇರ್ತಿತ್ತು ಅತ್ತಿಗೆ."

ಅವಳು ಎದ್ದಳು. ಬಾಗಿಲ ಹಿಂದೆ ಒರಗಿಸಿದ್ದ ಸಿಂಪಿ ಕೀಳುವ ಉಳಿಯನ್ನು ಎತ್ತಿಕೊಂಡಳು. ಎಲ್ಲಿಗೆ ಹೋಗುವುದೆಂದು ತೋಚದೆ ಅಲ್ಲೇ ನಿಂತಳು.

ಮೇಷ್ಟ್ರು ಇಕ್ಕುಳದಿಂದ ಒಂದು ಹುಳುವನ್ನೆತ್ತಿ ಭೂತಗನ್ನಡಿಯ ಕೆಳಗೆ ಹಿಡಿದರು. ಚಿಪ್ಪು ಇನ್ನೂ ಮೈಮೇಲಿದೆ ಎಂಬಂತೆ ಅದರ ಮಾಂಸ ಸುರುಳಿ ಸುತ್ತಿಕೊಂಡೇ ಇತ್ತು. ಅವರು ಸುತ್ತು ಎಣಿಸಿದರು. ಏಳು.