ಅರ್ಧ ಗಂಟೆಯ ಮೇಲೆ

"ಬೆನ್ನಿಗೆ ಒಸಿ ದಿಂಬು ಕೊಟ್ಟು ಗೋಡೆಗೆ ಆನ್ಸಿ. ಕತ್ತು ವಾಲ್ತಾ ಐತೆ," ಎಂದರು ಪ್ರಭುಲಿಂಗ ಅಯ್ನೋರು.

ಇಬ್ಬರು ಗಂಡಸರು ಸಿದ್ದಗಂಗಯ್ಯನವರ ಎದೆಗೆ ಬಿಳಿ ಪಂಚೆ ಸುತ್ತಿ, ಅದರ ತುದಿಗಳನ್ನು ಗೋಡೆಯ ಗೂಟಕ್ಕೆ ಬಿಗಿದರು. ಮಣ್ಣಿಗಿಡುವುದು ಕೂತ ಭಂಗಿಯಲ್ಲೇ ಆದ್ದರಿಂದ ಮೈ ಸೆಟೆಯುವ ಮೊದಲೇ ಕಾಲು ಮಡಚಿಸಬೇಕಿತ್ತು. ಹಣೆಗೆ ವಿಭೂತಿ ಬಳಿದ ಮೇಲೆ, ಯಾರೋ ಹೆಸರು ಹಿಡಿದು ಕರೆಯುವುದನ್ನೇ ಕಾಯುತ್ತಿರುವವರಂತೆ ಕಂಡರು. ಅವರ ತಮ್ಮನ ಮಗಳು ಶಾಂಭವಿ ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

ಒಂದು ಗಂಟೆಯ ಹಿಂದೆ, ಇನ್ನೂ ಬೆಳಕು ಹರಿಯುತ್ತಿದ್ದಾಗ, ದೊಡ್ಡಪ್ಪ ಡೇರಿಗೆ ಹಾಲು ಹಾಕಿ ಬಂದು ಕಾಫಿ ಕೇಳಿ ಜಗುಲಿಯ ಮೇಲೆ ಕೂತಿದ್ದರು. ದೊಡ್ಡಮ್ಮ ಲೋಟ ತರುವಷ್ಟರಲ್ಲಿ ಉಸಿರಿರಲಿಲ್ಲ. ಒಳಕೋಣೆಯಲ್ಲಿ ಗಣಿತದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಶಾಂಭವಿಗೆ ಆ ಕೂಗು ಕೇಳಿಸಿತು. ವಿಷಯ ಅರ್ಥವಾಗಿತ್ತು. ಎದ್ದು ಓಡುವ ಮೊದಲು ಅವಳ ಮನಸ್ಸಿನಲ್ಲಿ ಒಂದು ಮಾತು ಬಂದು ಹೋಯಿತು.

ಸದ್ಯ, ಇವತ್ತು ಪರೀಕ್ಷೆ ತಪ್ಪಿತು.

ಬಂದು ಹೋಯಿತು ಅನ್ನುವುದೂ ಸುಳ್ಳು. ಅದು ಅಲ್ಲೇ ಕೂತಿತ್ತು.

ಒಂಬತ್ತೂವರೆಗೆ ರಾಮನಗರದಲ್ಲಿ ಇಂಜಿನಿಯರಿಂಗ್ ಮೊದಲನೇ ಸೆಮಿಸ್ಟರಿನ ಗಣಿತ. ದೊಡ್ಡಪ್ಪ ಇಪ್ಪತ್ತಾರು ವರ್ಷ ಅಟೆಂಡರ್ ಆಗಿದ್ದ ಕಾಲೇಜು ಅದು. ಆ ನಂಟಿನಿಂದಲೇ ಮಾಗಡಿಯ ಹುಡುಗಿ ವಿರೂಪಾಕ್ಷಿಪುರದ ಈ ಮನೆಗೆ ಬಂದಿದ್ದಳು. ಅಪ್ಪ, ಅವ್ವ ಮಾಗಡಿಯಿಂದ ಹೊರಟಿದ್ದರು. ದೂರದವರೂ ಬರಬೇಕಾಗಿದ್ದರಿಂದ ಎರಡು ಗಂಟೆಗೆ ಎತ್ತುವುದೆಂದು ಮಾತಾಗಿತ್ತು.

"ಕೂಸ್ಗೆ ಇವತ್ತೇ ಪರೀಕ್ಸೆಯಂತಲ್ಲ," ಯಾರೋ ಮಾತು ತೆಗೆದರು.

"ಸೂತಕದ ಮನೆಯಿಂದ ಎಂಥ ಪರೀಕ್ಸೆ?" ಎಂದಳು ಪಕ್ಕದ ಮನೆಯ ಮಾಯಮ್ಮ. "ಹನ್ನೊಂದು ದಿನ ದೇವ್ರಿಗೆ ದೀಪನೇ ಹಚ್ಚಕಿಲ್ಲ."

"ಅದು ನಿಮ್ಮಲ್ಲಿ ಕಣಮ್ಮ. ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ. ಹೋದ್ರೆ ತಪ್ಪೇನಿಲ್ಲ," ಎಂದರು ಅಯ್ನೋರು.

"ಸೂತಕ ಇಲ್ದಿದ್ರೆ ಬುಡಿ ಅಯ್ನೋರೇ, ದುಃಖನೂ ಇಲ್ವಾ?"

ಅಯ್ನೋರು ಬಿಲ್ವಪತ್ರೆಯ ಕಡ್ಡಿ ಮುರಿಯತೊಡಗಿದರು. ದೊಡ್ಡಮ್ಮ ಮಂಗಳಗೌರಿ ಗಂಡನ ಕಾಲ ಬಳಿಯಿಂದ ತಲೆಯೆತ್ತಿ, "ಅವ್ಳು ಎಲ್ಲೂ ಹೋಗಕಿಲ್ಲ. ಅದರ ಮಖ ನೋಡಿ, ಹೆಂಗಾಗದೆ," ಎಂದರು.

ಎಲ್ಲರೂ ಶಾಂಭವಿಯ ಮುಖ ನೋಡಿದರು. ಅವಳು ತಲೆ ತಗ್ಗಿಸಿದಳು. ಅದೂ ದುಃಖದ ಲೆಕ್ಕಕ್ಕೇ ಸೇರಿತು.

ಏಳೂವರೆಯ ಹೊತ್ತಿಗೆ ಶೋಯೆಬ್ ಸರ್ ಬೈಕಿನಲ್ಲಿ ಹಾರ ತಂದರು. ಎಂಟು ವರ್ಷದ ಹಿಂದೆ ಅದೇ ಕಾಲೇಜಿಗೆ ಹುಡುಗನಾಗಿ ಸೇರಿ, ಈಗ ಅಲ್ಲೇ ಸಿವಿಲ್ ಪಾಠ ಮಾಡುವವರು. ಹಾರ ಹಾಕಿ ದೊಡ್ಡಮ್ಮನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

"ಅಮ್ಮ, ನಾವು ಇವ್ರನ್ನ ಅರ್ಧ ಗಂಟೆ ಅಂಕಲ್ ಅಂತಿದ್ವಿ. ಪರೀಕ್ಷೇಲಿ ಅರ್ಧ ಗಂಟೆ ಆದ್ಮೇಲೆ ಎದ್ದು ಹೋಗ್ಬಹುದು, ರೂಲ್ಸ್ ಐತೆ. ಅಷ್ಟೊತ್ತಿಗೆ ಸರಿಯಾಗಿ ಬಾಗಿಲಿಗೆ ಅಡ್ಡ ಬಂದು ನಿಂತ್ಕಳೋರು. ಏನೂ ಅಂತಿರ್ಲಿಲ್ಲ. ಇವ್ರನ್ನ ದಾಟಿ ಹೋಗಬೇಕಲ್ಲ ಅಂತ ನಾನು ಎರಡು ಸಲ ವಾಪಸ್ ಕೂತಿದ್ದೀನಿ."

"ಮನೇಲೂ ಹಂಗೇ ಕಣಪ್ಪ," ಎಂದರು ದೊಡ್ಡಮ್ಮ. "ತಟ್ಟೆ ಮುಂದಿಂದ ಯಾರನ್ನೂ ಬೇಗ ಏಳಕ್ಕೆ ಬುಡ್ತಿರ್ಲಿಲ್ಲ."

ಒಂದಿಬ್ಬರು ನಕ್ಕರು, ದೊಡ್ಡಮ್ಮನ ತುಟಿಯೂ ಒಮ್ಮೆ ಅಲುಗಿತು. ಹೊರಡುವಾಗ ಶೋಯೆಬ್ ಸರ್ ಶಾಂಭವಿಯ ಹತ್ತಿರ ಬಂದು ದನಿ ತಗ್ಗಿಸಿದರು. "ಪರೀಕ್ಷೆ ಯೋಚನೆ ಬಿಡಮ್ಮ. ಒಂದು ಸಬ್ಜೆಕ್ಟ್ ಬಾಕಿ ಉಳಿಯುತ್ತೆ, ಅಷ್ಟೆ. ಆಮೇಲೆ ಬರ್ಕೊಬಹುದು. ಯಾರೂ ಏನೂ ಅನ್ನಲ್ಲ."

ಯಾರೂ ಏನೂ ಅನ್ನುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

*

ಈ ಸೆಮಿಸ್ಟರಿನ ಮೊದಲ ಇಂಟರ್ನಲ್ಸ್ ಪರೀಕ್ಷೆಯಲ್ಲಿ ಅವಳು ಅರ್ಧ ಗಂಟೆಗೇ ಎದ್ದಿದ್ದಳು. ಕನ್ನಡ ಮಾಧ್ಯಮದಲ್ಲಿ ಕ್ಲಾಸಿಗೇ ಮೊದಲು ಬರುತ್ತಿದ್ದವಳಿಗೆ ಇಲ್ಲಿ ಪ್ರಶ್ನೆ ಓದಿ ಮುಗಿಸುವುದೇ ಸಾಕಾಗಿತ್ತು. ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದರು. ಅವರ ಮುಖ ನೋಡದೆ, ಗೋಡೆಗೆ ಮೈ ತಾಗಿಸಿಕೊಂಡು ದಾಟಿಹೋದಳು.

ಸಂಜೆ ಇಬ್ಬರೂ ಕೂತಿದ್ದ ಬಸ್ಸು ಚನ್ನಪಟ್ಟಣ ದಾಟಿತು.

"ಮೊದಲ್ನೆ ವರ್ಸದೋರಿಗೆ ನಾನು ಹೇಳೋದು ಮೂರೋ ನಾಕೋ ಮಾತು," ಎಂದರು ದೊಡ್ಡಪ್ಪ. "ಡ್ರಾಯಿಂಗ್ ಮಾಡೋ ಡ್ರಾಫ್ಟರ್ ಹೊಸದು ತಗಬೇಡಿ, ಸೀನಿಯರ್ ಹತ್ರ ಇಸ್ಕಳಿ. ರೆಕಾರ್ಡು ಅವತ್ತಿಂದು ಅವತ್ತೇ ಬರೀರಿ. ತಿಳೀದೇ ಇದ್ರೆ ಮೊದಲ್ನೆ ತಿಂಗಳಲ್ಲೇ ಕೇಳ್ಬುಡಿ, ಆಗ ಎಲ್ರೂ ದಡ್ರೇ. ಆಮ್ಯಾಕೆ ನಾಚ್ಕೆ ಆಯ್ತದೆ. ನೀನು ಮನೇಲೇ ಇದ್ದೀಯಲ್ಲ, ಯಾವಾಗ್ಲಾದ್ರೂ ಹೇಳಿದ್ರಾಯ್ತು ಅಂತ ಸುಮ್ನಾದೆ."

"ಏನೂ ಬರ್ತಿರ್ಲಿಲ್ಲ ದೊಡ್ಡಪ್ಪ. ಸುಮ್ನೆ ಕೂತು ಏನು ಮಾಡ್ಲಿ?"

ಅವರು ಕಿಟಕಿಯ ಆಚೆ ನೋಡಿದರು. "ಎಸ್ಸೆಲ್ಸಿ ಗಣಿತದಲ್ಲಿ ನಾನೂ ಅರ್ಧ ಗಂಟೆಗೇ ಎದ್ದು ಬಂದೆ ಕಣವ್ವ. ಬೇಗ ಮನೆಗೆ ಹೋದ್ರೆ ಅಪ್ಪಂಗೆ ಗೊತ್ತಾಯ್ತದೆ ಅಂತ ಬೇವಿನ ಮರದ ಕೆಳಗೆ ಎರಡೂವರೆ ಗಂಟೆ ಕೂತಿದ್ದೆ. ಹೊರಗೆ ಕೂತಿದ್ದನ್ನ ಒಳಗೇ ಕೂತಿದ್ರೆ ಏನೋ ಒಂದು ಹೊಳೀತಿತ್ತೋ ಏನೋ. ಹೊಳೀತಿರ್ಲಿಲ್ವೋ. ಅದೇ ಗೊತ್ತಾಗ್ಲಿಲ್ಲ ನೋಡು, ಇವತ್ತಿನವರ್ಗೂ."

ಕಂಡಕ್ಟರ್ ಸೀಟಿ ಊದಿದ. ದೊಡ್ಡಪ್ಪ ಚೀಲ ಎತ್ತಿಕೊಂಡು ಇಳಿದರು. ಆ ಮಾತು ಅವರು ಮತ್ತೆಂದೂ ಎತ್ತಲಿಲ್ಲ.

*

ಶೋಯೆಬ್ ಸರ್ ಬೈಕ್ ತಿರುಗಿಸುತ್ತಿದ್ದರು. ಶಾಂಭವಿ ಹೋಗಿ ದೊಡ್ಡಮ್ಮನ ಪಕ್ಕ ಕೂತಳು. ಅಷ್ಟು ಜನರ ನಡುವೆ ಮಾತಾಡಿ ಅವಳಿಗೆ ರೂಢಿಯಿರಲಿಲ್ಲ.

"ದೊಡ್ಡಮ್ಮ, ನಾನು ಪರೀಕ್ಷೆಗೆ ಹೋಗ್ತೀನಿ."

"ಅನ್ನ ಇಕ್ಕಿದ ದೊಡ್ಡಪ್ಪ ಗೋಡೆಗೆ ಕೂತವ್ರೆ," ಎಂದಳು ಮಾಯಮ್ಮ. "ಓದಿದೋರ ಎದೆ ಗಟ್ಟಿ ಬುಡವ್ವ."

ದೊಡ್ಡಮ್ಮ ನಂಬಲಾರದವರಂತೆ ನೋಡುತ್ತಿದ್ದರು. ಶಾಂಭವಿ ಅವರ ಕೈ ಹಿಡಿದು ಕಿವಿಯ ಹತ್ತಿರ ಬಾಗಿದಳು. "ಬೆಳಿಗ್ಗೆ ನೀವು ಕೂಗಿದ್ರಲ್ಲ. ಏನಾಗಿದೆ ಅಂತ ಗೊತ್ತಾಯ್ತು. ಆದ್ರೂ ಮೊದ್ಲು ಅನ್ಸಿದ್ದು, ಸದ್ಯ ಪರೀಕ್ಷೆ ತಪ್ತು ಅಂತ. ಈಗ ಮನೇಲೇ ಉಳಿದ್ರೆ ನಾನು ಅವ್ರಿಗೋಸ್ಕರ ಉಳಿದಂಗಾಗಲ್ಲ ದೊಡ್ಡಮ್ಮ."

ದೊಡ್ಡಮ್ಮ ಮೆಲ್ಲಗೆ ತಮ್ಮ ಕೈ ಬಿಡಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

"ಎರಡು ಗಂಟೆಗೆ ಎತ್ತಾರೆ," ಎಂದರು ಗೋಡೆಯ ಕಡೆ ತಿರುಗಿ. "ಹೋಗು."

*

ಬಂದದ್ದನ್ನೆಲ್ಲ ಬರೆದು ಮುಗಿಸಲು ಇಪ್ಪತ್ತೈದು ನಿಮಿಷ ಸಾಕಾಯಿತು. ಹತ್ತು ಗಂಟೆಗೆ ಏಳು ಜನ ಎದ್ದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಅಲ್ಲಿ ಒಂದು ಪಟ್ಟಿ ಬಿಸಿಲು ಬಿದ್ದಿತ್ತು, ಏಳೂ ಜನ ಅದನ್ನು ತುಳಿದುಕೊಂಡು ಹೋದರು. ಅವಳೂ ಪೆನ್ನಿಗೆ ಕ್ಯಾಪ್ ಹಾಕಿದಳು. ಈಗ ಎದ್ದರೆ ಹನ್ನೆರಡಕ್ಕೆ ಊರಲ್ಲಿರಬಹುದು, ಪೂಜೆಯ ಹೊತ್ತಿಗೆ ದೊಡ್ಡಮ್ಮನ ಪಕ್ಕ ಇರಬಹುದು. ಎಷ್ಟು ಮರ್ಯಾದೆಯ ಕಾರಣ. ಬೆಂಚು ಸರಿಸಿ ಅರ್ಧ ಎದ್ದಳು. ಬಾಗಿಲ ಕಡೆ ನೋಡಿದಳು. ಕೂತಳು.

ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ಹೊಟ್ಟೆ ಹಸಿಯಿತು, ಕಣ್ಣು ಉರಿಯಿತು. ಹನ್ನೊಂದು ದಾಟಿದ ಮೇಲೆ ಒಂದು ಸೂತ್ರದ ಅರ್ಧ ನೆನಪಾಯಿತು. ಅದನ್ನಿಟ್ಟುಕೊಂಡು ಒಂದು ಲೆಕ್ಕವನ್ನು ಎರಡು ಸಲ ತಪ್ಪು ಮಾಡಿ ಮೂರನೆಯ ಸಲ ಕೊನೆಯವರೆಗೂ ತಂದಳು. ಸರಿಯೋ ತಪ್ಪೋ ತಿಳಿಯಲಿಲ್ಲ. ಹನ್ನೆರಡೂವರೆಗೆ ಪತ್ರಿಕೆ ಕಿತ್ತುಕೊಳ್ಳುವಾಗ ಇನ್ನೊಂದನ್ನು ಅರ್ಧ ಬರೆದಿದ್ದಳು.

*

ಅವಳು ಬಸ್ಸಿಳಿದಾಗ, ದೊಡ್ಡಪ್ಪನನ್ನು ಕೂರಿಸಿ ಹೊತ್ತ ಹೂವಿನ ವಿಮಾನವು ಊರ ಶಾಲೆಯ ತಿರುವು ದಾಟುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಹಿಂದಿನ ಸಾಲಿಗೆ ಸೇರಿದಳು. ಅವ್ವ ತಿರುಗಿ ನೋಡಿ ಮುಂದೆ ನಡೆದಳು.

"ಬಂದ್ರಪ್ಪ ಇಂಜಿನಿಯರಮ್ಮ," ಎಂದರು ಯಾರೋ. ಯಾರೂ ನಗಲಿಲ್ಲ. ಎಲ್ಲರಿಗೂ ಸುಸ್ತಾಗಿತ್ತು.

ಹೊಲದ ಬದಿಯ ಗುಣಿಯಲ್ಲಿ ದೊಡ್ಡಪ್ಪನನ್ನು ಕೂರಿಸಿ, ಅಂಗೈಗೆ ಲಿಂಗ ಇಟ್ಟು, ಪತ್ರೆ ಸುರಿದು ಮಣ್ಣೆಳೆದರು. ಮಂತ್ರ ಇನ್ನೂ ನಡೆದಿರುವಾಗಲೇ ದೊಡ್ಡಮ್ಮನಿಗೆ ತಲೆ ಸುತ್ತಿ ಬಂದು, ಹೆಂಗಸರು ಅವರನ್ನು ಬದುವಿನ ಮೇಲೆ ಕೂರಿಸಿದರು. ಶಾಂಭವಿ ಒಂದು ಮಾರು ದೂರದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ದೊಡ್ಡಮ್ಮನೇ ಅವಳ ಕಡೆ ಸರಿದರು.

"ಯಾವಾಗ ಎದ್ದೆ?"

"ಮೇಷ್ಟ್ರೇ ಎಬ್ಬಿಸಿದ್ರು. ಟೈಮ್ ಆಗಿತ್ತು."

ದೊಡ್ಡಮ್ಮನ ತಲೆ ನಿಧಾನಕ್ಕೆ ವಾಲಿ ಶಾಂಭವಿಯ ಭುಜದ ಮೇಲೆ ಬಂತು. ಅಳುತ್ತಿದ್ದಾರೆಂದುಕೊಂಡಳು. ಆಮೇಲೆ ಉಸಿರು ಕೇಳಿಸಿತು, ನಿದ್ದೆ ಹೋಗಿದ್ದರು.

ಜನ ಕೊಳವೆಬಾವಿಯ ನೀರಿನಲ್ಲಿ ಕೈಕಾಲು ತೊಳೆದುಕೊಂಡು ಒಬ್ಬೊಬ್ಬರೇ ಊರ ಕಡೆ ನಡೆದರು. ಗುದ್ದಲಿ, ಮಂಕರಿ ಹೋದವು. "ಏಳ್ರವ್ವ, ಬಿಸಿಲು," ಎಂದಳು ಮಾಯಮ್ಮ ದೂರದಿಂದ. ಶಾಂಭವಿ ಬೆರಳನ್ನು ತುಟಿಯ ಮೇಲಿಟ್ಟು ತೋರಿಸಿದಳು. ಅವಳ ಒಂದು ಕಾಲು ಜೋಮು ಹಿಡಿದಿತ್ತು. ಮೈ ಅಲುಗದ ಹಾಗೆ ಉಸಿರಾಡುತ್ತ, ಖಾಲಿಯಾದ ಹೊಲದಲ್ಲಿ, ಹಸಿ ಮಣ್ಣಿನ ಎದುರಿಗೆ ಕೂತೇ ಇದ್ದಳು.